ಅತ್ತೆ ತಂದ ಕೆಂಪು ಗಡ್ಡೆ

ನಮ್ಮ ಅತ್ತೆಯ ಎಡಗೈ ಯಾವಾಗಲೂ ಕೊರಳ ಬುಡದಲ್ಲಿರುತ್ತಿತ್ತು. ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಆ ಮುಷ್ಟಿಯನ್ನು ಎದೆಯ ಮೇಲಿನ ಲಿಂಗದ ಕರಡಿಗೆಗೆ ಒತ್ತಿಕೊಂಡೇ ಅವರು ಮನೆ ತುಂಬ ಓಡಾಡುತ್ತಿದ್ದರು. ಉಳಿದ ಹೆಂಗಸರ ಸೀರೆ ನೆರಿಗೆಯ ಕಡೆ ಹರಿದರೆ ಅತ್ತೆಯ ಸೀರೆ ಮುಷ್ಟಿ ಹಿಡಿಯುವ ಜಾಗದಲ್ಲೇ ಹರಿಯುತ್ತಿತ್ತು. ನಮ್ಮ ಮನೆಯವರು ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡಿದ್ದ ದರ್ಜಿ. ತಾಯಿಯ ಸೀರೆಗೆ ಆ ಒಂದೇ ಜಾಗದಲ್ಲಿ ತೇಪೆ ಹಾಕಿ ಹಾಕಿ ಅವರಿಗೆ ಸಾಕಾಗಿತ್ತು.

ಅತ್ತೆಗೆ ಎಲ್ಲದಕ್ಕೂ ಅಂಜಿಕೆ. ಗುಡುಗಿಗೆ, ಬಾವಿಯ ಮೆಟ್ಟಿಲಿಗೆ, ಬೂಟಿನ ಸದ್ದಿಗೆ, ಸಿಂಧನೂರಿನ ಕಡೆಯಿಂದ ಧೂಳೆಬ್ಬಿಸಿಕೊಂಡು ಬರುವ ಸರ್ವಿಸ್ ಮೋಟಾರಿಗೆ. ಕಚೇರಿಯ ಜವಾನನೊಬ್ಬ ಅಂಗಿಯ ಅಳತೆ ಕೊಡಲು ಬಂದರೂ ಒಳಕೋಣೆಗೆ ಹೋಗಿ ಕದ ಮುಂದೆ ಮಾಡಿಕೊಂಡು ನಿಲ್ಲುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಕಣ್ಣಿಗೆ ಬೀಳಬೇಕು. ಒಬ್ಬರು ಕಾಣದಿದ್ದರೂ ದೀಪ ಹಿಡಿದೇ ಬಾಗಿಲಲ್ಲಿ ನಿಲ್ಲುವರು. ಏನು ಕೇಳುವುದಿದ್ದರೂ ಅವರ ಮಾತು ಶುರುವಾಗುತ್ತಿದ್ದುದು ಒಂದೇ ರೀತಿ: “ನನಗ ಅಂಜಿಕಿ ಬರಾಕತ್ತೈತಿ, ಅದಕ್ಕ ಕೇಳತೀನಿ.”

ನಾನು ಮಸ್ಕಿಯ ಆ ಮನೆಗೆ ಸೊಸೆಯಾಗಿ ಬಂದಾಗ ನಿಜಾಮರ ಆಳ್ವಿಕೆ, ದೂರದಲ್ಲೆಲ್ಲೋ ದೊಡ್ಡ ಯುದ್ಧ. ನನ್ನ ತವರು ಸಿಂಧನೂರಿನಾಚೆ ವಳಕಮದಿನ್ನಿ. ನಾನು ಸಣ್ಣವಳಿದ್ದಾಗಲೇ ತಾಯಿ ಚಳಿಜ್ವರದಲ್ಲಿ ತೀರಿಹೋಗಿದ್ದಳು. ಹದಿನಾರರ ವಯಸ್ಸು, ತಿಳಿವಳಿಕೆ ಕಡಿಮೆ. ಅತ್ತೆ ಕೊರಳಲ್ಲಿ ಮುಷ್ಟಿ ಇಟ್ಟುಕೊಂಡು ನಡೆಯುವುದನ್ನು ಪಕ್ಕದ ಮನೆಯ ಹುಡುಗಿಯ ಮುಂದೆ ಮಾಡಿ ತೋರಿಸಿ ನಗಿಸಿದ್ದೇನೆ. ಒಮ್ಮೆ ಅವರೇ ಹಿಂದೆ ನಿಂತು ನೋಡಿದರು. ಬೈಯಲಿಲ್ಲ. ನನ್ನ ಕಾಲಡಿ ಇದ್ದ ಈಳಿಗೆಯನ್ನು ಎತ್ತಿ ಮೂಲೆಗೆ ಇಟ್ಟು ಹೋದರು, ನಗುತ್ತ ತುಳಿದೇನೆಂದು.

ಮದುವೆಯಾದ ಎರಡನೆಯ ವರ್ಷ ನಾನು ಬಸುರಾದೆ. ಆ ಮಳೆಗಾಲದಲ್ಲಿ ಎರಡು ಸಲ ಚಳಿಜ್ವರ ಬಂದುಹೋಯಿತು. ಜ್ವರ ಬಿಟ್ಟ ಮೇಲೂ ಹಿತ್ತಲಿನಿಂದ ನೀರಿನ ಕೊಡ ತರುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬಸುರಿಗೆ ಇದೆಲ್ಲ ಇರುವುದೇ ಅಂದುಕೊಂಡಿದ್ದೆ. ಓಣಿಯ ಹೆಂಗಸರು ಬಂದವರೆಲ್ಲ, ಸೊಸೆ ಬೆಳ್ಳಗಾಗಿದ್ದಾಳೆ, ಮುಖಕ್ಕೆ ಕಳೆ ಬಂದಿದೆ ಎಂದು ಹೊಗಳಿ ಹೋದರು. ನನಗೆ ಒಳಗೊಳಗೇ ಹಿಗ್ಗು.

ಆ ಮಾತು ಕೇಳಿದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಎದ್ದು ಬಂದು ನನ್ನನ್ನು ತಲೆಬಾಗಿಲ ಬೆಳಕಿಗೆ ಎಳೆದುಕೊಂಡು ಹೋಗಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ನಾಲಿಗೆ ಚಾಚೆಂದರು. ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಆ ದಿನ ಮೊದಲ ಸಲ ಅವರು ನನಗೆ ಮಗಳ ಸುದ್ದಿ ಹೇಳಿದರು. ಮನೆಯವರಿಗೆ ಒಬ್ಬ ಅಕ್ಕ ಇದ್ದಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಉಳಿಯಲಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಅವಳೂ ಹೀಗೆಯೇ ಬೆಳ್ಳಗಾಗಿದ್ದಳಂತೆ. ಹುಟ್ಟಿದಾಗಿನಿಂದ ಕಪ್ಪಗಿದ್ದ ಮಗಳು ಬಸುರಿನಲ್ಲಿ ಅರಳೆಯ ಹಾಗೆ ಆಗಿದ್ದಾಳೆಂದು ಅತ್ತೆಯೇ ದೃಷ್ಟಿ ತೆಗೆದಿದ್ದರಂತೆ. ಕೂಸು ಹುಟ್ಟಿದ ಮೇಲೆ ರಕ್ತ ಹೋಗತೊಡಗಿತು. ಹೆರಿಗೆಯಲ್ಲಿ ಎಲ್ಲರಿಗೂ ಹೋಗುವಷ್ಟೇ ಹೋಯಿತು ಎಂದು ಸೂಲಗಿತ್ತಿ ಅಂದಳಂತೆ, ಆದರೆ ಕಳೆದುಕೊಳ್ಳಲು ಆ ಮೈಯಲ್ಲಿ ಅಷ್ಟೂ ಇರಲಿಲ್ಲ. ಕೂಸೂ ಎರಡು ದಿನಕ್ಕೆ ಹೋಯಿತು.

“ಬೆಳ್ಳಗಾಗ್ಯಾಳ ಅಂತ ನಾ ಖುಷಿ ಪಟ್ಟಿದ್ನೆಬೇ,” ಎಂದರು ಅತ್ತೆ. “ನನ್ನ ಮಗಳು ಸಾಯಾಕತ್ತಿದ್ಲು, ನಾ ದೃಷ್ಟಿ ತಗದೆ.”

ನನ್ನ ಹಿಗ್ಗೆಲ್ಲ ಆ ಕ್ಷಣದಲ್ಲೇ ಸತ್ತಿತು. ಅತ್ತೆಯ ಅಂಜಿಕೆ ಅಂದಿನಿಂದ ನನ್ನದೂ ಆಯಿತು. ಒಳಕೋಣೆಗೆ ಹೋದರೆ ಇಲ್ಲಿಯೇ ಅಲ್ಲವೇ ಅವಳು ಮಲಗಿದ್ದುದು ಎಂದು ಕೂಡಲೇ ಹೊರಗೆ ಬಂದುಬಿಡುತ್ತಿದ್ದೆ. ನನಗೆ ಹೆರಿಗೆಗೆ ಹೋಗಲು ತಾಯಿಯಿಲ್ಲ, ಇದೇ ಕೋಣೆ ನನ್ನ ಪಾಲಿಗೂ.

ಲಿಂಗಸೂಗೂರಿನ ದವಾಖಾನೆಗೆ ಹೋಗಬೇಕೆಂದು ಅತ್ತೆ ಹಟ ಹಿಡಿದರು. ಬಂಡಿಯಲ್ಲಿ ಹೋದರೆ ಪೂರ್ತಿ ಒಂದು ದಿನ, ಬಸುರಿಯನ್ನು ಅಷ್ಟು ಕುಲುಕಿಸಿಕೊಂಡು ಹೋಗುವುದು ಬೇಡ ಎಂದು ಮನೆಯವರು ಮೋಟಾರಿನಲ್ಲಿ ಕರೆದೊಯ್ದರು. ಅತ್ತೆ ಅಲ್ಲಿಯವರೆಗೆ ಮೋಟಾರನ್ನು ಮುಟ್ಟಿಯೂ ನೋಡಿದವರಲ್ಲ. ಹತ್ತಿದವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ಬಲಗೈಯಿಂದ ನನ್ನ ಹೊಟ್ಟೆಯನ್ನು ಒತ್ತಿ ಹಿಡಿದು ಕುಳಿತಿದ್ದರು. ಇಳಿಯುವಾಗ ಅವರ ತುಟಿಯಲ್ಲಿ ಹಲ್ಲಿನ ಗುರುತು ಮೂಡಿತ್ತು.

ದವಾಖಾನೆಯಲ್ಲಿ ಹೆಂಗಸರನ್ನು ನೋಡುತ್ತಿದ್ದ ನರ್ಸಮ್ಮ ಹೈದರಾಬಾದಿನ ಕಡೆಯವರು. ಕನ್ನಡ ಉರ್ದು ಬೆರೆಸಿ ಮಾತಾಡುವರು. ಅವರೂ ನನ್ನ ರೆಪ್ಪೆ ಎಳೆದು ನೋಡಿ, ಖೂನ್ ಬಹಳ ಕಡಿಮೆ ಇದೆ ಎಂದರು. ಜ್ವರಕ್ಕೆ ಕ್ವಿನೈನ್ ಕೊಟ್ಟರು. ರಕ್ತಕ್ಕೆ ಕೊಡುವ ಔಷಧಿ ಯುದ್ಧದ ದೆಸೆಯಿಂದ ಬರುತ್ತಲೇ ಇಲ್ಲ, ಇರುವುದೊಂದು ಶೀಸೆ ಎಂದು ಅದನ್ನೇ ಕೊಟ್ಟರು. ಉಳಿದದ್ದು ಊಟದಲ್ಲಿ ಆಗಬೇಕು: ಪುಂಡಿಪಲ್ಯ, ಹೆಸರುಕಾಳು, ಬೆಲ್ಲ, ಮತ್ತೆ ಸಿಕ್ಕರೆ ಚುಕಂದರ್. ಅದೇನೆಂದು ನಮಗೆ ಗೊತ್ತಿರಲಿಲ್ಲ. ಹಳೆಯ ದಂಡಿನ ಛಾವಣಿಯ ತೋಟದಲ್ಲಿ ಮಾಲಿ ಬೆಳೆಯುತ್ತಾನೆ, ಹೋಗಿ ನೋಡಿ ಎಂದರು.

ಲಿಂಗಸೂಗೂರಿನಲ್ಲಿ ಒಂದು ಕಾಲಕ್ಕೆ ಪಲ್ಟನ್ ಇತ್ತು. ಆಗಿನ ಸಾಹೇಬರು ಹಾಕಿಸಿದ ಕಾಯಿಪಲ್ಯದ ತೋಟ ಒಂದು ಬಂಗಲೆಯ ಹಿಂದೆ ಇನ್ನೂ ಉಳಿದಿತ್ತು. ಮಾಲಿ ಬಿಳಿ ಗಡ್ಡದ ಮುದುಕ. ಅವನ ತಂದೆಯೂ ಅದೇ ತೋಟದಲ್ಲಿ ದುಡಿದವನಂತೆ. ಅವನು ಮಣ್ಣಿನಿಂದ ಒಂದು ಗಡ್ಡೆ ಕಿತ್ತು, ಕುಡುಗೋಲಿನಿಂದ ಎರಡು ಹೋಳು ಮಾಡಿ ಅತ್ತೆಯ ಮುಂದೆ ಹಿಡಿದ. ಕೆಂಪು ರಸ ಅವನ ಮಣಿಕಟ್ಟಿಗೆ ಇಳಿಯಿತು. ಅತ್ತೆ ನಾಲ್ಕು ಹೆಜ್ಜೆ ಹಿಂದೆ ಸರಿದು ನನ್ನ ಕಣ್ಣಿಗೆ ತಮ್ಮ ಸೆರಗು ಅಡ್ಡ ಹಿಡಿದರು.

ಮುದುಕ ನಗಲಿಲ್ಲ. ಒಂದು ಹೋಳು ತಾನೇ ಬಾಯಿಗೆ ಹಾಕಿಕೊಂಡು ಅಗಿದು ನುಂಗಿ, ಆಮೇಲೆ ಹೇಳಿದ: “ನೆತ್ತರ ಅಲ್ಲಬೇ ತಾಯಿ, ಗಡ್ಡಿ ಬಣ್ಣನ ಹಿಂಗ. ನನ್ನ ಸೊಸಿಗೂ ಇದನ್ನ ತಿನ್ನಿಸೀನಿ. ತಪ್ಪಲ ಬಿಸಾಕಬ್ಯಾಡ್ರಿ, ತಾಕತ್ ಇರೋದು ತಪ್ಪಲದಾಗ.”

ಸೊಪ್ಪಿನ ಸಮೇತ ಒಂದು ಚೀಲ ತುಂಬಿ ಕೊಟ್ಟ. ಮನೆಯವರು ಮುಂದೆ ಅವನಿಗೆ ಎರಡು ಅಂಗಿ ಹೊಲಿದುಕೊಟ್ಟರು.

ಊರಿಗೆ ಬಂದ ಮೇಲೆ ಹೊಸ ಅಂಜಿಕೆ. ಕರಡಿಗೆ ಕಟ್ಟಿದ ಮನೆಯಲ್ಲಿ ಮಾಂಸದ ಬಣ್ಣದ ಗಡ್ಡೆ ಕೊಯ್ಯಬಹುದೇ ಎಂದು ಪಕ್ಕದ ಮನೆಯಾಕೆ ಕೇಳಿದಳು. ಅತ್ತೆ ಚೀಲವನ್ನು ಹಿತ್ತಲಲ್ಲೇ ಇಟ್ಟು, ಒಂದು ಗಡ್ಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಠಕ್ಕೆ ಹೋದರು. ಮಠದ ಅಯ್ಯನವರು ಅದನ್ನು ತಿರುಗಿಸಿ ನೋಡಿ, ನೆಲದಲ್ಲಿ ಬೆಳೆದದ್ದಕ್ಕೆ ಯಾವ ದೋಷ ಎಂದು ಕೇಳಿದರಂತೆ. ಅತ್ತೆ ಅಷ್ಟಕ್ಕೇ ಬಿಡದೆ, ಅಂಜಿಕೆ ಬರುತ್ತದೆ, ನೀವೇ ಮುಟ್ಟಿ ಕೊಡಿ ಎಂದು ಕೇಳಿ, ಮುಟ್ಟಿಸಿಕೊಂಡು ಬಂದರು.

ಮೊದಲ ದಿನ ಗೆಣಸಿನ ಹಾಗೆ ಕುದಿಸಿದರು. ಹಸಿಮಣ್ಣಿಗೆ ಬೆಲ್ಲ ಬೆರೆಸಿದಂಥ ರುಚಿ, ನನಗೆ ಅದರ ವಾಸನೆಗೇ ವಾಂತಿಯಾಯಿತು. ಮರುದಿನ ಒಲೆಯ ಬೂದಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಹೆಚ್ಚಿ, ಮೊಸರು ಹಾಕಿ, ಗುರೆಳ್ಳಿನ ಪುಡಿ ಉದುರಿಸಿ ಪಚಡಿ ಮಾಡಿದರು. ಅದು ಬಿಸಿ ರೊಟ್ಟಿಯೊಂದಿಗೆ ಸೇರಿತು. ತಪ್ಪಲಕ್ಕೆ ಹೆಸರುಬೇಳೆ ಹಾಕಿ ಪಲ್ಯ. ನಾನು ಕೊನೆಯ ತುತ್ತು ನುಂಗುವವರೆಗೂ ಎದುರಿಗೇ ಕುಳಿತಿರುತ್ತಿದ್ದರು. ಅವರು ಯಾವಾಗ ಊಟ ಮಾಡುತ್ತಿದ್ದರೋ, ಏನನ್ನು ತಿನ್ನುತ್ತಿದ್ದರೋ ನಾನು ನೋಡಲೇ ಇಲ್ಲ.

ಹೀಗೆ ತಿನ್ನತೊಡಗಿ ನಾಲ್ಕೋ ಐದೋ ದಿನವಾಗಿರಬೇಕು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದವಳು ಕಲ್ಲಿನ ಮೇಲೆ ಕೆಂಪು ನೀರು ಹರಿಯುವುದನ್ನು ಕಂಡೆ. ನನ್ನಿಂದಲೇ ಹರಿದದ್ದು. ನನಗೆ ಆಗ ಏಳು ತಿಂಗಳು.

ಗೋಡೆ ಹಿಡಿದು ನಿಂತುಕೊಂಡೆ. ಕೂಸು ಹೋಗುತ್ತಿದೆ, ಅದರ ಹಿಂದೆ ನಾನೂ ಹೋಗುತ್ತೇನೆ ಎಂಬುದರಲ್ಲಿ ನನಗೆ ಸಂದೇಹವೇ ಇರಲಿಲ್ಲ. ಆ ಹೊತ್ತಿನಲ್ಲೂ ನನ್ನನ್ನು ಕಾಡಿದ್ದು ಅತ್ತೆಗೆ ಹೇಗೆ ಹೇಳುವುದು ಎಂಬುದು. ಗುಡುಗಿಗೆ ಕದ ಹಾಕಿಕೊಳ್ಳುವ ಹೆಂಗಸು, ಇದನ್ನು ಕೇಳಿದರೆ ಅಲ್ಲೇ ಎದೆಯೊಡೆದು ಬೀಳುತ್ತಾರೆ ಅಂದುಕೊಂಡೆ. ಹೇಳದೆಯೂ ಇರಲಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು, ಅತ್ತೀರಿ, ರಕ್ತ ಹೊಂಟೈತಿ ಎಂದೆ.

ಅವರು ಬೀಳಲಿಲ್ಲ. ಮುಖ ಮಾತ್ರ ಬೂದಿಯ ಬಣ್ಣವಾಯಿತು. ನೋವಿದೆಯೇ ಎಂದರು. ಇಲ್ಲ ಎಂದೆ. ಸೊಂಟ ಹಿಡಿದಿದೆಯೇ ಎಂದರು. ಇಲ್ಲ. ಕೂಸು ಆಡುತ್ತಿದೆಯೇ. ಆಡುತ್ತಿತ್ತು. ಪಡಸಾಲೆಯಿಂದ ಬಿಳಿ ಬಟ್ಟೆಯ ಚೂರೊಂದನ್ನು ತಂದು ನನಗೆ ಕೊಟ್ಟು, ಒಳಕೋಣೆಯಲ್ಲಿ ಅಲ್ಲ, ನಡುಮನೆಯಲ್ಲಿ ಹಾಸಿ ಮಲಗಿಸಿದರು. ಕಾಲ ಕೆಳಗೆ ಜೋಳದ ಚೀಲ ಇಟ್ಟರು. ಮನೆಯವರು ಬಂಡಿ ಹುಡುಕಲು ಓಡಿದರು. ಮೋಟಾರು ಬರುವುದು ಮಧ್ಯಾಹ್ನದ ಮೇಲೆ, ಬಂಡಿಯ ಎತ್ತುಗಳೆಲ್ಲ ಹೊಲಕ್ಕೆ ಹೋಗಿದ್ದವು.

ಒಂದು ಗಳಿಗೆಯ ಮೇಲೆ ಅತ್ತೆ ಬಟ್ಟೆ ನೋಡಿದರು. ಬಿಳಿಯಾಗಿಯೇ ಇತ್ತು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಗೆ ಹೋದರು.

ನಾನು ಮಲಗಿದಲ್ಲಿಂದ ಅಡುಗೆಮನೆಯ ಅರ್ಧ ಕಾಣುತ್ತಿತ್ತು. ಅತ್ತೆ ಗೋಡೆಗೊರಗಿ ಕುಳಿತು ಹಸಿ ಗಡ್ಡೆ ತಿನ್ನುತ್ತಿದ್ದರು. ಅವರಿಗೆ ಹಿಂದಿನ ಹಲ್ಲುಗಳಿರಲಿಲ್ಲ. ಮುಂದಿನ ಹಲ್ಲಿನಿಂದ ಕೆರೆದು ಕೆರೆದು, ಒಂದು ಮುಗಿಸಿ ಇನ್ನೊಂದು ತೆಗೆದುಕೊಂಡರು. ತುಟಿ, ಗಲ್ಲ, ಬೆರಳು ಎಲ್ಲ ಕೆಂಪು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಡುನಡುವೆ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. ಅಂಜಿಕೆಯಿಂದ ಇವರಿಗೆ ಬುದ್ಧಿ ಕೆಟ್ಟಿತೆಂದೇ ನಾನು ತಿಳಿದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕೂಸು ಆಡಿದಾಗಲೊಮ್ಮೆ ಉಸಿರು ಬಿಡುತ್ತ ಬಿದ್ದುಕೊಂಡಿದ್ದೆ. ಬಿಸಿಲು ಬಾಗಿಲಿನಿಂದ ಒಳಗೆ ಬಂದು, ಗೋಡೆಯವರೆಗೆ ಸರಿದು ಹಿಂದಕ್ಕೆ ಹೋಯಿತು. ಅಷ್ಟು ಉದ್ದದ ಹಗಲನ್ನು ನಾನು ಮತ್ತೆ ಕಂಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಬಚ್ಚಲಿಗೆ ಹೋಗಿ ಬಂದರು. ಬಂದು ನನ್ನ ಹಾಸಿಗೆಯ ಬದಿಗೆ ಕುಳಿತರು.

“ನನಗೂ ಕೆಂಪಗ ಹೋತು,” ಎಂದರು. “ನನ್ನ ಮುಟ್ಟು ನಿಂತು ಆರು ವರ್ಷ ಆತು. ನೆತ್ತರ ಅಲ್ಲವ್ವ, ಗಡ್ಡಿ ಬಣ್ಣ.”

ಹಾಗೆಂದವರು ನನ್ನ ಕಾಲ ಮೇಲೆ ತಲೆ ಇಟ್ಟು ಅತ್ತರು. ಅವರ ಮಗಳು ಸತ್ತ ದಿನ ಅವರು ಅಳಲಿಲ್ಲವಂತೆ, ನಮ್ಮ ಮನೆಯವರು ಆಮೇಲೆ ಹೇಳಿದರು.

ಆದರೂ ಅತ್ತೆಗೆ ಪೂರ್ತಿ ನಂಬಿಕೆ ಬರಲಿಲ್ಲ. ಎರಡು ದಿನ ಬಿಟ್ಟು ನನ್ನನ್ನು ಮತ್ತೆ ದವಾಖಾನೆಗೆ ಕರೆದೊಯ್ದರು. ನರ್ಸಮ್ಮ ಎಲ್ಲವನ್ನೂ ಕೇಳಿ, ಚುಕಂದರ್ ತಿಂದವರಲ್ಲಿ ಕೆಲವರಿಗೆ ಹಾಗಾಗುತ್ತದೆ, ಮೊದಲೇ ಹೇಳದಿದ್ದುದು ತಮ್ಮ ತಪ್ಪು ಎಂದರು. ಮೈಯಲ್ಲಿ ರಕ್ತ ಕಡಿಮೆ ಇದ್ದವರಲ್ಲೇ ಅದು ಹೆಚ್ಚು ಎಂದೂ ಹೇಳಿದರು. ಹಾಗೆ ಹೇಳುತ್ತಿದ್ದವರು ನಿಲ್ಲಿಸಿ ಅತ್ತೆಯ ಮುಖ ನೋಡಿದರು. ಕೈ ಚಾಚಿ ಅವರ ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಿದರು.

“ಸೊಸಿಗೆ ಎಲ್ಲಾ ತಿನ್ನಿಸೀರಿ,” ಎಂದರು. “ನೀವೇನು ತಿಂತೀರಿ ಅಮ್ಮಾ?”

ಅತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನೆಲ ನೋಡಿದರು. ನನಗೆ ಆಗ ಹೊಳೆಯಿತು. ನಾನು ಬಸುರಾದಾಗಿನಿಂದ ಹಾಲು, ಮೊಸರು, ಬೆಲ್ಲ, ಹೆಸರುಕಾಳು ಎಲ್ಲ ನನ್ನ ತಾಟಿಗೆ ಬಂದಿತ್ತು. ಆ ಹೆಂಗಸು ಒಣ ರೊಟ್ಟಿ, ಖಾರದ ಪುಡಿ ತಿಂದು ದಿನ ದೂಡಿದ್ದಳು. ನಾನು ಅಣಕಿಸಿ ನಕ್ಕ ಮುಷ್ಟಿಯ ಉಗುರುಗಳು ನನ್ನ ಉಗುರುಗಳಷ್ಟೇ ಬಿಳಿ.

ಅಂದಿನಿಂದ ನಾನು ಹಟ ಹಿಡಿದೆ. ಒಂದೇ ತಾಟಿನಲ್ಲಿ ಕುಳಿತು ಅವರು ಒಂದು ತುತ್ತು ತಿಂದರೆ ನಾನೊಂದು ತುತ್ತು. ಅವರು ನಿಲ್ಲಿಸಿದರೆ ನಾನೂ ನಿಲ್ಲಿಸುವುದು. ಸೊಸೆ ಹೆದರಿಸುತ್ತಾಳೆಂದು ಬೈದುಕೊಂಡೇ ತಿಂದರು.

ಗಡ್ಡೆ ಮುಗಿದಾಗಲೆಲ್ಲ ಲಿಂಗಸೂಗೂರಿಗೆ ಹೋಗುವುದು ಅತ್ತೆಯ ಕೆಲಸವಾಯಿತು. ಮನೆಯವರು ಹೋಗಬಹುದಿತ್ತು, ಆದರೆ ಅವರು ತಪ್ಪಲವಿಲ್ಲದ ಗಡ್ಡೆ ತಂದಾರೆಂದು ಅತ್ತೆಗೆ ಅಂಜಿಕೆ. ಒಬ್ಬರೇ ಮೋಟಾರು ಹತ್ತುವರು. ಒಮ್ಮೆ ತಪಾಸಣೆಯ ನಾಕಾದಲ್ಲಿ ಜವಾನನೊಬ್ಬ ಕೆಂಪು ಹತ್ತಿದ ಚೀಲ ನೋಡಿ ಕೆಳಗಿಳಿಸಿದನಂತೆ. ಬೂಟಿನ ಸದ್ದಿಗೆ ಕದ ಮುಚ್ಚಿಕೊಳ್ಳುವ ನಮ್ಮ ಅತ್ತೆ ನಡುರಸ್ತೆಯಲ್ಲಿ ನಿಂತು ಮಗಳ ಸಾವಿನಿಂದ ಹಿಡಿದು ಸೊಸೆಯ ರೆಪ್ಪೆಯವರೆಗೆ ಅವನಿಗೆ ಒಂದೂ ಬಿಡದೆ ಹೇಳಿದರಂತೆ. ಅವನು ಚೀಲ ತಾನೇ ಹೊತ್ತು ಮೋಟಾರಿನಲ್ಲಿಟ್ಟು, ತನ್ನ ಹೆಂಡತಿಗೂ ಐದು ತಿಂಗಳು, ಆ ತೋಟ ಎಲ್ಲಿದೆ ಎಂದು ಕೇಳಿದನಂತೆ. ಮನೆಗೆ ಬಂದು ಇದನ್ನು ಹೇಳುವಾಗಲೂ ಅವರ ಮುಷ್ಟಿ ಕರಡಿಗೆಯನ್ನು ಬಿಟ್ಟಿರಲಿಲ್ಲ. ಮಾಲಿ ಬೀಜವನ್ನೂ ಕೊಟ್ಟು ಕಳಿಸಿದ್ದ. ಹಿತ್ತಲಿನಲ್ಲಿ ಮುಸುರೆ ನೀರು ಹರಿಯುವ ಕಡೆ ಊರಿದರು, ಚಳಿಗಾಲಕ್ಕೆ ಚಿಗುರಿತು.

ನನಗೆ ನೋವು ಶುರುವಾದದ್ದು ಬೆಳಗಿನ ಜಾವ, ಕೂಸು ಹುಟ್ಟಿದ್ದು ಹೊತ್ತು ನೆತ್ತಿಗೇರಿದಾಗ. ಅತ್ತೆ ಒಳಕೋಣೆಯ ಹೊಸ್ತಿಲು ದಾಟಲಿಲ್ಲ. ಬಾಗಿಲ ಚೌಕಟ್ಟು ತಬ್ಬಿಕೊಂಡು ಹೊರಗೇ ನಿಂತಿದ್ದರು. ಹೆಣ್ಣು ಕೂಸು ಹುಟ್ಟಿತು. ಅದು ಅತ್ತಿತು. ಆಮೇಲೆ ರಕ್ತ ಹೋಗತೊಡಗಿತು, ಬಹಳ ಹೋಯಿತು. ಸೂಲಗಿತ್ತಿ ಕಿಬ್ಬೊಟ್ಟೆ ಹಿಸುಕುತ್ತ ಗಾಬರಿಯಿಂದ ಬಾಗಿಲ ಕಡೆ ನೋಡಿದಳು. ನನಗೆ ಕಣ್ಣು ಕತ್ತಲಿಡುತ್ತಿತ್ತು. ಆಗ ಅತ್ತೆ ಒಳಗೆ ಬಂದರು. ಸೂಲಗಿತ್ತಿಯ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟು ಒತ್ತಿದರು. ಕೂಸನ್ನು ಎದೆಗೆ ಹಚ್ಚಲು ಸೂಲಗಿತ್ತಿ ಹೇಳಿದಾಗ ಒಂದು ಕೈಯಿಂದ ಅದನ್ನೂ ಮಾಡಿದರು. ನನ್ನ ಮುಖವನ್ನು ಒಂದು ಕ್ಷಣವೂ ಬಿಡದೆ ನೋಡುತ್ತಿದ್ದರು. “ಕಣ್ಣು ಮುಚ್ಚಬ್ಯಾಡ, ನನಗ ಅಂಜಿಕಿ ಆಗತೈತಿ,” ಎಂದು ಅದೊಂದನ್ನೇ ಹೇಳುತ್ತಿದ್ದರು. ಅವರು ಅಂಜುತ್ತಾರಲ್ಲ ಎಂದೇ ನಾನು ಕಣ್ಣು ತೆರೆದಿಟ್ಟುಕೊಂಡೆ. ಸಂಜೆಯ ಹೊತ್ತಿಗೆ ರಕ್ತ ನಿಂತಿತು.

ನಾನು ಉಳಿದದ್ದು ಆ ಗಡ್ಡೆಯಿಂದಲೋ, ಶೀಸೆಯ ಔಷಧಿಯಿಂದಲೋ, ಕ್ವಿನೈನ್‌ನಿಂದಲೋ ನಾನು ಆಣೆ ಮಾಡಿ ಹೇಳಲಾರೆ. ಈಗ ಬೀಟ್‌ರೂಟ್ ಎಂದು ಸಂತೆಯಲ್ಲೂ ಸಿಗುತ್ತದೆ. ಬಸುರಿಯರಿಗೆ ಒಳ್ಳೆಯದು, ರಕ್ತದ ಒತ್ತಡಕ್ಕೂ ಒಳ್ಳೆಯದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ ಎಂದು ನನ್ನ ಡಾಕ್ಟರು ಹೇಳುತ್ತಾರೆ. ತಪ್ಪಲದ ವಿಷಯದಲ್ಲಿ ಮಾಲಿ ಹೇಳಿದ್ದು ಸರಿಯೇ ಅಂತೆ. ಗಡ್ಡೆಯೋ ಔಷಧಿಯೋ, ಎರಡನ್ನೂ ನನಗೆ ತಂದುಕೊಟ್ಟದ್ದು ಒಬ್ಬ ಹೆಂಗಸಿನ ಅಂಜಿಕೆ ಎಂಬುದು ಮಾತ್ರ ನನಗೆ ಗೊತ್ತು.

ಮುಂದೆ ಓಣಿಯ ಹೆಂಗಸರು, ಸಂತೆಕಲ್ಲೂರಿನಿಂದ ಸಹ ಕೆಲವರು, ಬಸುರಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಅತ್ತೆಯ ಹತ್ತಿರ ಬರತೊಡಗಿದರು. ಬಾಗಿಲ ಬೆಳಕಿಗೆ ನಿಲ್ಲಿಸಿ ನೋಡುವರು. ಮುಖ ಬಿಳಿಚಿದ್ದರೆ ಮೊದಲು ದವಾಖಾನೆಗೆ ಹೋಗಿ ಎನ್ನುವರು, ಹಿತ್ತಲಿನಿಂದ ಗಡ್ಡೆ ಕಿತ್ತು ಕೊಡುವರು. ಕೊಡುವಾಗ ಪ್ರತಿ ಸಲವೂ, ನಾಳೆ ಕೆಂಪಗೆ ಕಾಣಬಹುದು, ಹೆದರಬೇಡ, ಆದರೆ ಬಟ್ಟೆಗೆ ಹತ್ತಿದರೆ ಒಂದು ಗಳಿಗೆಯೂ ತಡೆಯಬೇಡ ಎಂದು ಎರಡೆರಡು ಸಲ ಹೇಳಿಯೇ ಕಳಿಸುವರು.

ಅತ್ತೆ ಹೋದದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷ. ಆಗ ಗಲಭೆಯ ಸುದ್ದಿಗೆ ಊರಿಗೆ ಊರೇ ಅಂಜಿಕೊಂಡಿತ್ತು, ಹಗಲಲ್ಲೂ ಅಂಗಡಿಗಳ ಅರ್ಧ ಬಾಗಿಲು ಮಾತ್ರ ತೆರೆದಿರುತ್ತಿತ್ತು. ಅವರಿಗೆ ಬಂದದ್ದು ಅದೇ ಚಳಿಜ್ವರ, ಈ ಸಲ ತಲೆಗೇರಿತು. ನಾನು ಎರಡನೆಯ ಸಲ ಬಸುರಾಗಿ ನಾಲ್ಕು ತಿಂಗಳಾಗಿತ್ತು. ಕೊನೆಯ ದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದು ಎಚ್ಚರವಾಯಿತು. ನನ್ನನ್ನು ಹತ್ತಿರ ಕರೆದು ಬಹಳ ಹೊತ್ತು ಮುಖ ನೋಡಿದರು.

“ಮತ್ತ ಬಿಳಿಚಿಕೊಂಡೀದಿ,” ಎಂದರು. “ದವಾಖಾನಿಗೆ ಹೋಗು. ನನ್ನ ಕಾರ್ಯ ಮುಗಿಲಿ ಅಂತ ಕೂಡಬ್ಯಾಡ.”

ಬಿಸಿಲೇರುವಷ್ಟರಲ್ಲಿ ತೀರಿಕೊಂಡರು.

ಮೂರನೆಯ ದಿನದ ಕಾರ್ಯಕ್ಕೂ ನಿಲ್ಲದೆ ನಾನು ಲಿಂಗಸೂಗೂರಿನ ಮೋಟಾರು ಹತ್ತಿದೆ. ಮನೆಯವರು ಊರಲ್ಲಿ ಇರಲೇಬೇಕಿತ್ತು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಒಬ್ಬಳೇ ಹೊರಟೆ. ಸತ್ತವರ ಮನೆಯ ಸೊಸೆ ಹೀಗೆ ಹೊರಬಿದ್ದಳೆಂದು ಓಣಿಯಲ್ಲಿ ಮಾತಾಯಿತು. ದಾರಿಯಲ್ಲಿ ಎರಡು ಕಡೆ ಬಂದೂಕು ಹಿಡಿದವರು ಮೋಟಾರು ನಿಲ್ಲಿಸಿ ಒಳಗೆ ಇಣುಕಿದರು. ನಾನು ಹೊಟ್ಟೆಯನ್ನು ಕೈಯಿಂದ ಒತ್ತಿ ಹಿಡಿದು ಕುಳಿತಿದ್ದೆ. ಆ ದಾರಿಯನ್ನು ಆ ಹೆಂಗಸು ಎಷ್ಟು ಸಲ ಒಬ್ಬಳೇ ಸವೆಸಿದ್ದಳೋ ನನಗೆ ಲೆಕ್ಕ ಸಿಗಲಿಲ್ಲ.

ದವಾಖಾನೆಯ ಬಾಗಿಲಲ್ಲಿ ನರ್ಸಮ್ಮ ನನ್ನನ್ನು ಕಂಡು, ಇಂಥ ದಿನದಲ್ಲಿ ಒಬ್ಬಳೇ ಬಂದೆಯಾ, ಯಾರು ಕಳಿಸಿದರು ಎಂದು ಗದರಿದರು.

ನಮ್ಮ ಅತ್ತಿ ಕಳಿಸ್ಯಾರ ಎಂದೆ.